ತೊಂಬತ್ತೊಂದು ಯಾರದು

ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಾಗ ಅವಳು ಹಾರ್ಡ್‌ವೇರ್ ಅಂಗಡಿಯೊಂದರ ಹಿಂಬದಿಯಲ್ಲಿ ಕೂತಿದ್ದಳು. ಮೊಳೆ ತೂಗುವ ಯಂತ್ರದ ಮೇಲೆ ಐದು ಕಿಲೋ ತೂಕದ ಕಲ್ಲು ಇಟ್ಟು, ಅಂಕಿ ನಿಲ್ಲುವುದನ್ನು ಕಾಯುತ್ತಿದ್ದಳು. ಫೋನು ಅದುರಿತು. ತೆಗೆದು ನೋಡಿದಳು. ನೂರಕ್ಕೆ ತೊಂಬತ್ತೊಂದು.

ಅಂಗಡಿಯವನು ಹಲ್ಲು ಕಿರಿದು, "ಏನಕ್ಕ, ಒಳ್ಳೆ ಸುದ್ದಿನಾ?" ಎಂದ.

"ಗೊತ್ತಿಲ್ಲ," ಎಂದು ಫೋನು ಜೇಬಿಗೆ ಹಾಕಿಕೊಂಡಳು.

ತೂಕದ ಯಂತ್ರಗಳನ್ನು ಪರೀಕ್ಷಿಸಿ ಸೀಲು ಹಾಕುವ ಕಂಪನಿಯಲ್ಲಿ ಅವಳದು ಒಂಬತ್ತು ವರ್ಷದ ಕೆಲಸ. ಅಂಗಡಿಯವರು ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿದ್ದರು. ಅವಳು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, ಎಷ್ಟೋ ಯಂತ್ರಗಳು ಇದ್ದಕ್ಕಿದ್ದಂತೆ ಕೆಟ್ಟುಹೋಗಿ ಬಟ್ಟೆ ಹೊದ್ದು ಮಲಗುತ್ತಿದ್ದವು. ಮುದಿ ಯಜಮಾನರು ಕಂಪನಿಯ ಆಡಳಿತವನ್ನು ಯಾರ ಕೈಗಾದರೂ ಒಪ್ಪಿಸಬೇಕೆಂದಿದ್ದರು. "ಓದಿಕೊಂಡು ಬಾ, ಆಮೇಲೆ ಮಾತಾಡೋಣ," ಎಂದು ಅವಳಿಗೆ ಹೇಳಿದ್ದರು. ಅದಕ್ಕೇ ಮೂವತ್ತೆರಡನೇ ವಯಸ್ಸಿನಲ್ಲಿ ಕೋಚಿಂಗ್ ಸೇರಿ, ತನಗಿಂತ ಎಂಟು ಹತ್ತು ವರ್ಷ ಚಿಕ್ಕವರ ನಡುವೆ ಕೂತು ಪರೀಕ್ಷೆ ಬರೆದಿದ್ದಳು. ಅಭ್ಯಾಸದ ಪರೀಕ್ಷೆಗಳಲ್ಲಿ ಅವಳು ಎಪ್ಪತ್ತನಾಲ್ಕು ದಾಟಿದವಳೇ ಅಲ್ಲ.

ಮನೆಗೆ ಬಂದಾಗ ಗಂಡ ಮುಂದಿನ ಕೋಣೆಯಲ್ಲಿ ಕೆಲಸದಲ್ಲಿದ್ದ. ಅವನು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಕೈಯಲ್ಲಿದ್ದ ದವಡೆಯನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ಅಂಕ ನೋಡಿ, ಮತ್ತೊಮ್ಮೆ ನೋಡಿ, "ಇವತ್ತೇ ಅರ್ಜಿ ಹಾಕಿಬಿಡು," ಎಂದ.

"ಇನ್ನೂ ಮೂರು ವಾರ ಇದೆಯಲ್ಲ. ಅಷ್ಟೇನು ಅವಸರ ನಿಮಗೆ?"

"ಅವಸರ ಯಾಕೆ ಅಂದ್ರೆ, ನೀನು ಅನುಮಾನ ಪಡೋಕೆ ಶುರು ಮಾಡೋದರೊಳಗೆ ಕೆಲಸ ಮುಗೀಲಿ ಅಂತ."

ಅದು ತಮಾಷೆಯೇ. ಆದರೆ ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಇವನಿಗೆ ಬೇಕಾಗಿರುವುದು ಹತ್ತಿರದ ಸ್ಕೂಲು. ಮತ್ತೆ ಬರೆದು ಇನ್ನೂ ಹೆಚ್ಚು ತೆಗೆದರೆ ದೂರದ ದೊಡ್ಡ ಸ್ಕೂಲು ಕರೆದೀತು, ಆಗ ಹೆಂಡತಿ ಎರಡು ವರ್ಷ ಮನೆಯಲ್ಲಿರುವುದಿಲ್ಲ. ಹೀಗೆ ಲೆಕ್ಕ ಹಾಕಿಕೊಂಡಿರಬೇಕು ಅನ್ನಿಸಿತು.

ಮರುದಿನ ಕೋಚಿಂಗಿಗೆ ಹೋದಳು. ಮೆಟ್ಟಿಲ ಪಕ್ಕದ ಬೋರ್ಡಿನಲ್ಲಿ ಎಲ್ಲರ ಅಂಕ ಅಂಟಿಸಿದ್ದರು. ತನ್ನದು ಮೂರನೆಯದು. ಬೆರಳನ್ನು ಕೆಳಗೆ ಜಾರಿಸುತ್ತ ಹೋದವಳು ಒಂದು ಕಡೆ ನಿಂತಳು. ಫಸ್ಟ್ ಬೆಂಚ್ ಎಂದು ಎಲ್ಲರೂ ಕರೆಯುವ ಹುಡುಗಿಗೆ ಎಪ್ಪತ್ತೆರಡು. ಅಭ್ಯಾಸದಲ್ಲಿ ಯಾವತ್ತೂ ತೊಂಬತ್ತಕ್ಕಿಂತ ಕಡಿಮೆ ತೆಗೆಯದವಳು ಅವಳು.

ಲೆಕ್ಕದ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪರವಾಗಿಲ್ವಲ್ಲಮ್ಮ. ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಬರೀರಿ."

"ತೊಂಬತ್ತೊಂದು ಬಂದ ಮೇಲೂ ಯಾಕೆ ಸಾರ್?"

"ಎರಡು ಸಲ ಬಂದ್ರೆ ಅದಕ್ಕೆ ತೂಕ ಬೇರೆ." ಅಷ್ಟು ಹೇಳಿ ಪುಸ್ತಕ ತೆರೆದುಕೊಂಡರು.

ಇವರಿಗೇನು, ಇನ್ನೊಂದು ಬ್ಯಾಚಿಗೆ ಒಬ್ಬಳು ಸಿಕ್ಕಂತಾಯಿತು ಎಂದು ಗೊಣಗಿಕೊಂಡು ಮೆಟ್ಟಿಲಿಳಿದಳು. ಬಸ್ ಸ್ಟಾಪಿನಲ್ಲಿ ನಿಂತಾಗ ಪರೀಕ್ಷೆಯ ದಿನ ನೆನಪಾಯಿತು.

ಅವತ್ತು ಅವಳೂ ಫಸ್ಟ್ ಬೆಂಚೂ ಅಕ್ಕಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದರು. ಶುರುವಾಗುವ ಐದು ನಿಮಿಷ ಮೊದಲು ಆ ಸಾಲಿನ ಕರೆಂಟು ಹೋಯಿತು. ಮೇಲ್ವಿಚಾರಕಿ ಇಬ್ಬರ ಪ್ರವೇಶ ಚೀಟಿಯನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಿ, ಹಿಂದಿನ ಸಾಲಿನ ಎರಡು ಕಂಪ್ಯೂಟರಿಗೆ ತಾನೇ ಚೀಟಿಗಳ ನಂಬರು ಹೊಡೆದು, "ಬೇಗ ಬೇಗ, ಕೂತ್ಕೊಳ್ಳಿ," ಎಂದಿದ್ದಳು. ಪರದೆಯ ಮೂಲೆಯಲ್ಲಿದ್ದ ನಂಬರು ತನ್ನದೇ ಹೌದೋ ಅಲ್ಲವೋ ಎಂದು ಇವಳು ನೋಡಲೇ ಇಲ್ಲ. ಊರಿನ ತಕ್ಕಡಿಗಳನ್ನೆಲ್ಲ ಮೂರು ಮೂರು ಸಲ ನೋಡುವವಳು ತನ್ನ ನಂಬರನ್ನು ಒಂದು ಸಲವೂ ನೋಡಿರಲಿಲ್ಲ.

ಹಾಗಾದರೆ ಆ ತೊಂಬತ್ತೊಂದು ಆ ಹುಡುಗಿಯದು. ಎಪ್ಪತ್ತೆರಡು ತನ್ನದು. ಎಲ್ಲ ಸರಿಯಾಗಿ ಕೂಡಿಬಂತು. ಕೂಡಿಬಂದದ್ದರಿಂದಲೇ ಭಯವಾಯಿತು.

ಪರೀಕ್ಷಾ ಕಚೇರಿಗೆ ಫೋನು ಮಾಡಿದಳು. ಆ ಕಡೆಯವನು ಬರೆದದ್ದನ್ನು ಓದುವವನಂತೆ ಹೇಳಿದ: "ನಿಮ್ಮ ಉತ್ತರಗಳ ಪ್ರತಿ ನೀವೇ ಕೇಳಬೇಕು. ಬೇರೆಯವರದ್ದು ಕೊಡಲ್ಲ. ಹತ್ತು ದಿನ ಆಗುತ್ತೆ. ಕಳಿಸಲಾ ಅರ್ಜಿ?"

"ಯೋಚನೆ ಮಾಡಿ ಹೇಳ್ತೀನಿ."

ಯೋಚಿಸುವುದಕ್ಕೇನಿತ್ತು? ಕೇಳಿದರೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಒಂದು ದಿನ ಸ್ಕೂಲಿನ ಅರ್ಜಿ ತುಂಬಲು ಕೂತು ಅಂಕದ ಕಡೆ ಬಂದು ನಿಲ್ಲಿಸುವಳು. ಇನ್ನೊಂದು ದಿನ ಮತ್ತೆ ಬರೆಯುವುದೇ ಸರಿ, ಆಗ ಯಾರ ಹಂಗೂ ಇಲ್ಲ ಅಂದುಕೊಳ್ಳುವಳು. ಹಾಗೆ ಬರೆದು ಎಪ್ಪತ್ತು ಬಂದರೆ? ಹೀಗೆ ಎರಡು ವಾರ ಕಳೆಯಿತು. ಕಿರಾಣಿ ಅಂಗಡಿಯ ಸರಿಯಿದ್ದ ಯಂತ್ರವೊಂದನ್ನು ಏಳು ಸಲ ಪರೀಕ್ಷಿಸಿ, "ಅಕ್ಕ, ನನ್ನ ಮೇಲೇನಾದ್ರೂ ಸಿಟ್ಟಾ?" ಎಂದು ಕೇಳಿಸಿಕೊಂಡಳು.

ಒಂದು ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಬ್ರಷ್ಷು ಕೆಳಗಿಟ್ಟು ಕೇಳಿಸಿಕೊಂಡ.

"ನನಗೆ ಬೇರೆ ಅನುಮಾನ ಇತ್ತು," ಎಂದ. "ನಿನಗೆ ಹೋಗೋಕೆ ಭಯ, ಅದಕ್ಕೆ ನೆಪ ಹುಡುಕ್ತಿದ್ದೀಯ ಅಂತ."

"ನಿಮಗೆ ನಾನು ದೂರ ಹೋಗೋದು ಇಷ್ಟ ಇಲ್ಲ ಅಂತ ನಾನಂದ್ಕೊಂಡಿದ್ದೆ."

"ಅದೂ ಇದೆ," ಎಂದ ಅವನು, ಮುಚ್ಚಿಡದೆ. "ಅದಿರಲಿ. ಆ ಹುಡುಗಿ ಜೊತೆ ಮಾತಾಡು. ನಿನ್ನೊಳಗೆ ನೀನೇ ಕೋರ್ಟು ನಡೆಸಿದ್ರೆ ತೀರ್ಪು ಬರಲ್ಲ."

ಫಸ್ಟ್ ಬೆಂಚ್ ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮರುದಿನ ಊಟದ ಹೊತ್ತಿಗೆ ಇವಳು ಅಲ್ಲಿಗೆ ಹೋದಳು. ಕೌಂಟರಿನ ಮೇಲೆ ತಾನೇ ಹೋದ ವರ್ಷ ಸೀಲು ಹಾಕಿದ ಯಂತ್ರವಿತ್ತು. ಹುಡುಗಿ ಪೊಟ್ಟಣವೊಂದಕ್ಕೆ ಟೇಪು ಸುತ್ತುತ್ತಿದ್ದಳು. ಇವಳನ್ನು ಕಂಡು ಆಶ್ಚರ್ಯಪಡಲಿಲ್ಲ.

"ಯಂತ್ರ ನೋಡೋಕೆ ಬಂದ್ರಾ ಅಕ್ಕ?"

"ಇಲ್ಲ. ನಿನ್ನ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು. ಪರೀಕ್ಷೆ ದಿನ ನಮ್ಮಿಬ್ಬರ ಜಾಗ ಬದಲಾಯಿಸಿದ್ರಲ್ಲ..."

"ನಂಬರು ಅದಲುಬದಲಾಗಿರಬಹುದು ಅಂತ ತಾನೇ?"

"ನಿನಗೆ ಹೇಗೆ ಗೊತ್ತು?"

"ಬೋರ್ಡು ನೋಡಿದ ದಿನವೇ ಅನ್ನಿಸ್ತು. ಅವತ್ತೇ ನನ್ನ ಉತ್ತರಗಳ ಪ್ರತಿ ಕೇಳಿದೆ. ಮೊನ್ನೆ ಬಂತು." ಹುಡುಗಿ ಟೇಪು ಹರಿದಳು. "ಎಪ್ಪತ್ತೆರಡು ನನ್ನದೇ. ಪ್ರಬಂಧದಲ್ಲಿ ನಾನು ಬರೆದ ಸಾಲುಗಳೇ ಇದ್ದವು. ಆಮೇಲಿನ ಹದಿನಾಲ್ಕು ಪ್ರಶ್ನೆ ಮುಟ್ಟೇ ಇಲ್ಲ. ಕರೆಂಟು ಹೋಯ್ತಲ್ಲ, ಆವಾಗ ಹಿಡಿದ ನಡುಕ ಕೊನೆತನಕ ಬಿಡಲಿಲ್ಲ. ಹಾಗಾಗಿ ತೊಂಬತ್ತೊಂದು ನಿಮ್ಮದೇ."

ಕಾದಿದ್ದ ಮಾತು ಅದೇ. ಆದರೂ ಇವಳಿಗೆ ಖುಷಿಯಾಗಲಿಲ್ಲ.

"ನೀವು ಬರ್ತೀರೋ ಇಲ್ಲವೋ ಅಂತ ಎರಡು ವಾರದಿಂದ ನೋಡ್ತಿದ್ದೆ," ಎಂದಳು ಹುಡುಗಿ. "ಬರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾರೆ ಅಂತ ಎಷ್ಟು ಬೈಕೊಂಡೆ ಅಂದ್ರೆ, ನಿಮಗೆ ಬಿಕ್ಕಳಿಕೆ ಬಂದಿರಬೇಕು."

"ಬೈದದ್ದು ಸರಿಯಾಗೇ ಇದೆ. ಎರಡು ವಾರ ನಾನು ಸುಮ್ಮನೇ ಇದ್ದೆ."

ಹುಡುಗಿ ಅವಳ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ಅಳೆಯುವ ಆ ನೋಟದ ಎದುರು ನಿಲ್ಲುವುದು ಎಷ್ಟು ಕಷ್ಟವೆಂದು ಇವಳಿಗೆ ಮೊದಲ ಸಲ ತಿಳಿಯಿತು. ಕೊನೆಗೆ ಹುಡುಗಿಯ ತುಟಿ ತುಸು ಸಡಿಲವಾಯಿತು.

"ಮೇಷ್ಟ್ರು ಏನಂದ್ರು ಗೊತ್ತಾ? ತೂಕದಕ್ಕ ನಿನ್ನ ಪಕ್ಕ ಕೂತು ನೋಡಿ ಬರೆದಿರಬೇಕು ಅಂದ್ರು. ನಾನಂದೆ, ಸಾರ್, ನನ್ನ ನೋಡಿ ಬರೆದಿದ್ರೆ ಅವರಿಗೂ ಎಪ್ಪತ್ತೆರಡೇ ಬರ್ತಿತ್ತು."

ಇವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಮೇಷ್ಟ್ರು ಮತ್ತೆ ಬರೆಯಿರಿ ಎಂದದ್ದು ಬ್ಯಾಚು ತುಂಬಿಸುವುದಕ್ಕಲ್ಲ, ಕಳ್ಳತನ ಹಿಡಿಯುವುದಕ್ಕೆ. ತಾನು ಅವರನ್ನು ಅನುಮಾನಿಸಿದ್ದೂ ತಪ್ಪು ಕಾರಣಕ್ಕೇ.

"ನೀನು ಮತ್ತೆ ಬರೀತೀಯಾ?"

"ಬರೀತೀನಿ. ನೀವು?"

"ನಾನು ಅರ್ಜಿ ಹಾಕ್ತೀನಿ," ಎಂದಳು. ಹೇಳಿದ ಮೇಲೇ ಅದು ತೀರ್ಮಾನವೆಂದು ಅವಳಿಗೆ ಗೊತ್ತಾಯಿತು. ಇನ್ನೊಂದು ಸಲ ಬರೆದರೆ ಅದು ಮೇಷ್ಟ್ರ ಮುಂದೆ ತನ್ನನ್ನು ಸಾಬೀತು ಮಾಡಿಕೊಳ್ಳುವುದಕ್ಕೇ ಹೊರತು ಓದುವುದಕ್ಕಲ್ಲ.

ಕೊನೆಯ ದಿನಕ್ಕೆ ಎರಡು ದಿನ ಮೊದಲು ಎರಡು ಸ್ಕೂಲುಗಳಿಗೂ ಅರ್ಜಿ ಕಳಿಸಿದಳು, ಹತ್ತಿರದ್ದಕ್ಕೂ ದೂರದ್ದಕ್ಕೂ. ದೂರದ್ದಕ್ಕೆ ಕಳಿಸುವಾಗ ಗಂಡ ಪಕ್ಕದಲ್ಲೇ ನಿಂತಿದ್ದ, ಏನೂ ಅನ್ನಲಿಲ್ಲ. ಅವನ ಮೌನದಲ್ಲೇನಿದೆ ಎಂದು ಹುಡುಕಲು ಹೊರಟ ಮನಸ್ಸನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ನೇರವಾಗಿ ಕೇಳಿದಳು: "ಬೇಜಾರಾ?"

"ಸ್ವಲ್ಪ," ಎಂದ. "ಕರೆದ್ರೆ ಹೋಗು."

ದೂರದ ಸ್ಕೂಲು ಕರೆಯಲಿಲ್ಲ. ಹತ್ತಿರದ್ದು ಕರೆಯಿತು. ಅಲ್ಲಿ ಸಂಜೆಯ ತರಗತಿ; ಹಗಲು ಅಂಗಡಿ ಬೀದಿಗಳ ಸುತ್ತಾಟ ತಪ್ಪಲಿಲ್ಲ. ತರಗತಿ ಶುರುವಾಗುವ ತನಕ ಭಾನುವಾರ ಮಧ್ಯಾಹ್ನಗಳಲ್ಲಿ ಫಸ್ಟ್ ಬೆಂಚ್ ಇವಳ ಮನೆಗೆ ಬಂದು ಓದಿಕೊಳ್ಳುತ್ತಿದ್ದಳು. ಇವಳು ಗಡಿಯಾರ ಹಿಡಿದು ಕೂರುವಳು. ನಡುನಡುವೆ ಬೇಕೆಂದೇ ದೀಪ ಆರಿಸುವಳು, ಹುಡುಗಿ ನಿಲ್ಲಿಸದೆ ಬರೆಯಬೇಕು. ಮೊದಮೊದಲು ಇಬ್ಬರ ನಡುವೆ ಬಿಗುವಿತ್ತು. ಮಾತಾಡುವ ಮುಂಚೆ ಇಬ್ಬರೂ ಒಂದು ಕ್ಷಣ ತಡೆಯುತ್ತಿದ್ದರು. ಅದು ಪೂರ್ತಿ ಹೋಗಲೂ ಇಲ್ಲ.

ಮೂರು ತಿಂಗಳ ಮೇಲೆ ಹುಡುಗಿಗೆ ಎಂಬತ್ತೆಂಟು ಬಂತು. ಫೋನು ಮಾಡಿ, "ಅಕ್ಕ, ನಿಮಗಿಂತ ಮೂರು ಕಡಿಮೆ," ಎಂದಳು. ಆ ದನಿಯಲ್ಲಿ ಸಂತೋಷವಿತ್ತು, ಒಂದಿಷ್ಟು ಹೊಟ್ಟೆಯುರಿಯೂ ಇತ್ತು. ಎರಡನ್ನೂ ಹಾಗೆಯೇ ತೆಗೆದುಕೊಂಡು ಇವಳು, "ಸಂಜೆ ಮನೆಗೆ ಬಾ, ಅರ್ಜಿ ತುಂಬೋಣ," ಎಂದಳು.