ಬಕೆಟ್ಟಿನಲ್ಲಿ ಬಾವಿಗಿಳಿದ ಮೊಬೈಲು

ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿಗೆ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಮಕ್ಬೂಲ ಅಂದರೆ ನಾನೇ. ಮೂರು ತಾಲೂಕಿನಲ್ಲಿ ನನ್ನ ಕೈ ಮುಟ್ಟದ ಟಿವಿ ಇಲ್ಲ. ನನ್ನ ಗಾಡಿಯ ಸಪ್ಪಳ ಕೇಳಿದರೆ ಸಾಕು, ಕೆಟ್ಟ ಟಿವಿ ಅರ್ಧ ತಾನಾಗಿಯೇ ಸರಿಹೋಗುತ್ತದೆ. ಇನ್ನರ್ಧಕ್ಕೆ ಮಾತ್ರ ಸ್ಕ್ರೂಡ್ರೈವರ್ ಬೇಕು.

ಈ ಮಾತು ಮಳೆ ಮೂರು ವರ್ಷ ಸಾಲಾಗಿ ಕೈಕೊಟ್ಟ ಕಾಲದ್ದು. ಔರಾದ ಕಡೆ ಬಿಸಿಲು ಹೇಗಿತ್ತೆಂದರೆ ಕಾಗೆಗಳು ಹಾರುವುದನ್ನೇ ಬಿಟ್ಟು, ಎಮ್ಮೆಯ ಹೊಟ್ಟೆಯ ನೆರಳಿನಲ್ಲಿ ನಡೆದುಕೊಂಡು ಊರು ದಾಟುತ್ತಿದ್ದವು. ನಾನೇ ನೋಡಿದ್ದೇನೆ. ದೀಪಾವಳಿ ಮುಗಿದದ್ದೇ ತಡ, ಜನ ಜೀಪು ತುಂಬಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ಅವರ ಹಿಂದೆ ಮಕ್ಕಳೂ ಹೋದವು. ಚಿಂತಾಕಿ ಸಾಲಿಯ ಏಳನೇ ತರಗತಿಯಲ್ಲಿ ಹಿಂದಿನ ಬೆಂಚುಗಳಿಗೆ ಧೂಳು ಕೂತಿತು.

ಅಂಥ ಹೊತ್ತಿಗೆ ಗೌತಮಿ ಆ ಸಾಲಿಗೆ ಬಂದಳು. ಭಾತಂಬ್ರಾದ ನನ್ನ ದೋಸ್ತ ಏಕನಾಥನ ಮಗಳು. ಬೀದರಿನಲ್ಲಿ ಬಿ.ಎಡ್. ಓದುತ್ತಿದ್ದಳು. ಟೀಚರ್ ಆಗುವವರು ಕೆಲವು ವಾರ ಒಂದು ಸಾಲಿಯಲ್ಲಿ ಪಾಠ ಮಾಡಿ ಕಲಿಯಬೇಕಲ್ಲ, ಆಕೆಗೆ ಚಿಂತಾಕಿ ಬಂದಿತ್ತು.

"ಕಾಕಾ, ಅಂತರ್ಜಲದ ಪಾಠ ಅದ. ಕಾಲೇಜಿನವರು ಪ್ರೊಜೆಕ್ಟರ್ ಕೊಟ್ಟಾರ. ಒಂದು ಸ್ಪೀಕರ್ ಬೇಕಾಗಿತ್ತು," ಅಂದಳು.

"ನಾ ಕಟ್ಟಿದ ಸ್ಪೀಕರ್ ಇಲ್ಲಿ ಹಚ್ಚಿದ್ರ ಬೀದರ ಖಿಲ್ಲಾದಾಗಿನ ಪಾರಿವಾಳ ಹಾರ್ತಾವ, ಬೇಟಿ."

"ಅಷ್ಟು ಬ್ಯಾಡ ಕಾಕಾ. ಹಿಂದಿನ ಬೆಂಚಿಗಿ ಕೇಳಿಸಿದ್ರ ಸಾಕು."

ನಾನು ದೊಡ್ಡದನ್ನೇ ಒಯ್ದೆ.

ಸೋಮವಾರ ಪಾಠ ಶುರುವಾಯಿತು. ಗೌತಮಿ ಕಂಪ್ಯೂಟರಿನಲ್ಲಿ ಕಲಿತದ್ದನ್ನೆಲ್ಲ ಅದರಲ್ಲಿ ತುಂಬಿದ್ದಳು. ಅಕ್ಷರಗಳು ಆಕಾಶದಿಂದ ಗಿರ್ ಗಿರ್ ತಿರುಗುತ್ತಾ ಬಂದು ಕೂತವು. ಪ್ರತಿ ಚಿತ್ರಕ್ಕೂ ಒಳಗಿನಿಂದ ಚಪ್ಪಾಳೆ ಬಂತು. ಆನೆಯೊಂದು ನದಿಯಲ್ಲಿ ನೀರು ಕುಡಿಯಿತು. ಕೊನೆಗೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ವಿಡಿಯೋ. ಅದರಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಉಸಿರು ತೆಗೆದುಕೊಳ್ಳದೆ ಮಾತಾಡಿದಳು. ನನ್ನ ಸ್ಪೀಕರಿನ ಹೊಡೆತಕ್ಕೆ ಸಾಲಿಯ ಹಂಚುಗಳು ಒಂದು ಬೆರಳು ಮೇಲೆದ್ದು ಮತ್ತೆ ಕೂತವು. ಮಕ್ಕಳು ಕುಣಿದರು. ಗೌತಮಿಯ ಮುಖ ಅರಳಿತು.

ಸಾಲಿ ಬಿಟ್ಟಾಗ ಗೇಟಿನಲ್ಲಿ ಕೌಸಲ್ಯಾಬಾಯಿ ನಿಂತಿದ್ದಳು. ಏಳನೇ ತರಗತಿಯ ಜಿಜಾಳ ಅಜ್ಜಿ. ಮಗ ಪಂಢರಿ ಮತ್ತು ಸೊಸೆ ಸಣ್ಣ ಕೂಸನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದರು, ಜಿಜಾ ಅಜ್ಜಿಯ ಹತ್ತಿರ ಉಳಿದಿದ್ದಳು.

"ಇವತ್ತು ಏನ್ ಕಲ್ತಿ?" ಅಜ್ಜಿ ಕೇಳಿದಳು.

"ಅಕ್ಷರ ತಿರುಗಿದವು ಆಯಿ. ಆನಿ ನೀರು ಕುಡೀತು."

"ಮತ್ತ?"

"ಚಪ್ಪಾಳಿ ಆತು."

ಕೌಸಲ್ಯಾಬಾಯಿ ಗೌತಮಿಯ ಕಡೆ ತಿರುಗಿದಳು. "ನೋಡು ತಂಗಿ, ನಿನ್ನಿ ಪಂಢರಿ ಫೋನ್ ಮಾಡಿದ್ದ. ಕೂಸಿನ್ನ ನೋಡ್ಕೊಳ್ಳಾಕ ಜಿಜಾನ್ನ ಕಳಸು ಅಂತಾನ. ಸಾಲಿ ಕಲೀಲತ್ತಾಳ, ಬಿಡು ಅಂತ ನಾನೇ ತಡದೀನಿ. ಸಿನಿಮಾ ನೋಡೋದಿದ್ರ ಹೈದರಾಬಾದದಾಗ ಇದಕ್ಕಿಂತ ದೊಡ್ಡ ಟಾಕೀಜ್ ಅದ. ಶನಿವಾರ ಜೀಪ್ ಹೋಗ್ತದ, ಹತ್ತಸ್ತೀನಿ."

ಗೌತಮಿ ಜಿಜಾಳ ಕೈ ಹಿಡಿದುಕೊಂಡಳು. "ಆಯಿ, ಶುಕ್ರವಾರ ಇನ್ನೊಮ್ಮೆ ಪಾಠ ಮಾಡ್ತೀನಿ. ನೀವೂ ಬಂದು ಕೂಡ್ರಿ. ಆಮ್ಯಾಲ ತೀರ್ಮಾನ ಮಾಡ್ರಿ," ಅಂದಳು.

"ನಿಮ್ಮ ಈ ಸ್ಪೀಕರ್ ಇದ್ರ ಮನ್ಯಾಗ ಕೂತ್ರೂ ಕೇಳಸ್ತದ," ಅಂದು ಅಜ್ಜಿ ಹೋದಳು. ನಾನು ಅದನ್ನು ಹೊಗಳಿಕೆ ಅಂತಲೇ ತಗೊಂಡೆ.

ಮರುದಿನ ಗೌತಮಿಯನ್ನು ಬೀದರಿನ ಕಾಲೇಜಿಗೆ ನನ್ನ ಗಾಡಿಯ ಮೇಲೆ ಕರೆದುಕೊಂಡು ಹೋದೆ. ನನ್ನ ಗಾಡಿ ಎಷ್ಟು ಜೋರು ಓಡುತ್ತದೆಂದರೆ ನಾವು ಮುಟ್ಟಿ ಚಹಾ ಕುಡಿದ ಮೇಲೆ ಹಿಂದಿನಿಂದ ಅದರ ಹೊಗೆ ಬರುತ್ತದೆ. ಆಕೆಗೆ ಪಾಠ ಹೇಳುವ ವಿಮಲಾ ಮೇಡಂ ಎಲ್ಲ ಕೇಳಿಸಿಕೊಂಡರು.

"ಮಕ್ಕಳು ಖುಷಿ ಪಟ್ರೇನು?"

"ಬಾಳ ಪಟ್ರು ಮೇಡಂ."

"ವಿಡಿಯೋದಾಗಿನ ಮಾತು ನಿನಗ ಪೂರಾ ತಿಳೀತೇನು?"

"ಎರಡನೇ ಸಲ ಕೇಳಿದಾಗ ತಿಳೀತ್ರಿ."

"ಅವರಿಗಿ ಒಂದೇ ಸಲ ಹಾಕಿದಿ. ಆ ಮಕ್ಕಳ ಮನ್ಯಾಗ ಅರ್ಧ ಕನ್ನಡ, ಅರ್ಧ ಮರಾಠಿ. ಧ್ವನಿ ಬಂದ್ ಮಾಡು, ಗೌತಮಿ. ಚಿತ್ರ ಓಡಲಿ, ಅವರ ಮಾತಿನಾಗ ನೀನೇ ಹೇಳು. ಮತ್ತ ಉತ್ತರ ಕಾಣೋಕ್ಕಿಂತ ಮೊದಲ ನಿಲ್ಲಸು. ಮುಂದ ಏನಾಗ್ತದ ಅಂತ ಕೇಳು. ಅವರು ಹೇಳಿದ ಮ್ಯಾಲ ಓಡಸು."

"ಅಕ್ಷರ ತಿರುಗೋದು, ಚಪ್ಪಾಳಿ?"

"ಅದೆಲ್ಲ ತಗದುಬಿಡು. ಮಣ್ಣು, ಕಲ್ಲು ಊರಾಗೇ ಅದಾವ, ಅವನ್ನ ಗ್ವಾಡಿ ಮ್ಯಾಲ ಯಾಕ ತೋರಸ್ತಿ? ಕೈಯಾಗ ಕೊಡು. ಅವರ ಕಣ್ಣು ಹೋಗಲಾರದ ಜಾಗ ಯಾವುದದನೋ ಅದನ್ನಷ್ಟೇ ತೋರಸು." ಆಮೇಲೆ ನನ್ನನ್ನು ನೋಡಿ, "ಇವರು ಯಾರು?" ಅಂದರು.

"ಸ್ಪೀಕರಿನ ಮಾಲಕರು ಮೇಡಂ."

"ಶುಕ್ರವಾರ ಅದನ್ನ ಅಂಗಡ್ಯಾಗೇ ಇಟ್ಟು ಬರ್ರಿ," ಅಂದರು. ಅದರ ತಾಕತ್ತು ಕಾಲೇಜಿನ ತನಕ ಮುಟ್ಟಿದೆ ಅಂತ ಆಗಲೇ ನನಗೆ ಗೊತ್ತಾಯಿತು.

ವಾಪಸು ಬರುವಾಗ ಗೌತಮಿ ಇದ್ದಕ್ಕಿದ್ದಂತೆ, "ಕಾಕಾ, ಬತ್ತಿದ ಬಾವಿ ಒಳಗ ಯಾರ ಕಣ್ಣು ಹೋಗ್ತದ?" ಅಂದಳು.

ಹೀಗಾಗಿ ಗುರುವಾರ ನಾವು ಕೌಸಲ್ಯಾಬಾಯಿಯ ಹೊಲದ ಬಾವಿಯ ಹತ್ತಿರ ನಿಂತಿದ್ದೆವು. ಗೌತಮಿ ತನ್ನ ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೋ ಚಾಲೂ ಮಾಡಿ, ಬಕೆಟ್ಟಿನ ಅಂಚಿಗೆ ಬಟ್ಟೆ ಸುತ್ತಿ ಕಟ್ಟಿದಳು. ಅಜ್ಜಿ ಕಟ್ಟೆಯಿಂದ ದೂರ ನಿಲ್ಲಿ ಅಂತ ಬೈಯುತ್ತಾ ಬಂದಳು.

"ಫೋನಿಗಿ ನೀರು ಕುಡಸ್ತೀರೇನು?"

"ನೀರಿದ್ರ ಕುಡಸ್ತಿದ್ವಿ ಆಯಿ," ಅಂದೆ.

"ನೀರು ಬಕ್ಕಪ್ಪನ ಕಣ್ಣಿಗಿ ಹೋತು. ದಿನಾ ಬಂದು ಇಣುಕಿ ನೋಡ್ತಿದ್ದ. ಆತನ ದೃಷ್ಟಿ ತಗಲಿಯೇ ಬತ್ತಿತು." ಬಕ್ಕಪ್ಪ ಅಂದರೆ ಪಕ್ಕದ ಹೊಲದವ. ಆ ಮಾತಿಗೇ ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ಮೊದಲ ಸಲ ಬಕೆಟ್ಟು ಬುಗುರಿಯಂತೆ ತಿರುಗಿ, ವಿಡಿಯೋ ನೋಡಿದರೆ ತಲೆ ಸುತ್ತು ಬಂತು. ಆಗ ಎರಡೂ ಕಡೆ ಹಗ್ಗ ಕಟ್ಟಿ ಇಳಿಸಿದೆವು. ಗಂಟು ನಂದು. ಆ ಗಂಟಿಗೆ ಆನೆಯನ್ನು ಕಟ್ಟಿ ಇಳಿಸಿದ್ದರೂ ನಿದ್ದೆ ಹೋಗುತ್ತಿತ್ತು. ಮೊಬೈಲು ತಳ ಮುಟ್ಟಿ ಸುರಕ್ಷಿತವಾಗಿ ಮೇಲೆ ಬಂತು.

ಶುಕ್ರವಾರ ಪಾಠ. ಗೌತಮಿ ಮೊದಲು ಪ್ರೊಜೆಕ್ಟರಿನ ಹತ್ತಿರ ಹೋಗಲೇ ಇಲ್ಲ. ಗಾಜಿನ ಲೋಟಗಳಲ್ಲಿ ಮಕ್ಕಳ ಕೈಯಿಂದಲೇ ಕೆಳಗೆ ಕಲ್ಲು, ಮೇಲೆ ಗರಸಿನಂಥ ಮುರುಮ, ಅದರ ಮೇಲೆ ಕರಿಮಣ್ಣು ತುಂಬಿಸಿ ನೀರು ಹಾಕಿಸಿದಳು. ನೀರು ಎಲ್ಲಿಗೆ ಹೋಯಿತು ಅಂತ ಮಕ್ಕಳು ಲೋಟಕ್ಕೆ ಮೂಗು ಹಚ್ಚಿ ನೋಡಿದರು. ಆಮೇಲೆ ಕಿಟಕಿಗೆ ಚಾದರ ಕಟ್ಟಿ, ಬಾವಿಯ ವಿಡಿಯೋ ಹಾಕಿದಳು. ಧ್ವನಿ ಇಲ್ಲ. ಕರಿಮಣ್ಣು ಮುಗಿಯಿತು, ಮುರುಮ ಬಂತು, ಕಲ್ಲು ಬಂತು. ಕಲ್ಲಿನ ಸಂದಿಯಲ್ಲಿ ಒಣಗಿದ ಬಿಳಿ ಗೆರೆ. ಗೌತಮಿ ನಿಲ್ಲಿಸಿದಳು.

"ಇದೇನು?"

ಬಾಗಿಲ ಹತ್ತಿರ ಕೂತಿದ್ದ ಕೌಸಲ್ಯಾಬಾಯಿ ಎದ್ದು ನಿಂತಳು. "ಅದು ನಮ್ಮ ಬಾವಿ ಝರಿ. ಅಲ್ಲಿಂದೇ ನೀರು ಬರ್ತಿತ್ತು."

"ಮತ್ತ ಈಗ ಯಾಕ ಬರಂಗಿಲ್ಲ?" ಗೌತಮಿ ಮಕ್ಕಳನ್ನು ಕೇಳಿದಳು. ಸೋಮವಾರದ ವಿಡಿಯೋದಲ್ಲಿದ್ದ ನೆಲದ ಒಳಗಿನ ನೀರಿನ ಚಿತ್ರವನ್ನು ಧ್ವನಿ ಇಲ್ಲದೆ ಓಡಿಸಿ, ಬಾವಿಯ ಪಕ್ಕ ಬೋರ್ ಇಳಿಯುತ್ತಿದ್ದಂತೆ ಮತ್ತೆ ನಿಲ್ಲಿಸಿದಳು. "ಮುಂದ ಏನಾಗ್ತದ?"

ಜಿಜಾ ಎದ್ದಳು. "ಬೋರ್ ಬಾವಿಕಿಂತ ಆಳ ಅದ. ಕೆಳಗಿನ ನೀರು ಅದು ಎಳಕೋತದ. ನೀರು ಝರಿಕಿಂತ ಕೆಳಗ ಹೋಗ್ತದ. ಝರಿ ಒಣಗ್ತದ."

ಗೌತಮಿ ಚಿತ್ರ ಮುಂದೆ ಓಡಿಸಿದಳು. ಜಿಜಾ ಹೇಳಿದ್ದೇ ಆಯಿತು.

"ನಾ ಹೇಳಿದ್ದೇ ಖರೇ ಆತು," ಅಂದಳು ಅಜ್ಜಿ. "ಬೋರ್ ಬಕ್ಕಪ್ಪಂದೇ."

ಜಿಜಾ ತಲೆ ಅಲ್ಲಾಡಿಸಿದಳು. "ಆತನ ಕಣ್ಣಲ್ಲ ಆಯಿ. ಆತನೊಬ್ಬನ ಬೋರೂ ಅಲ್ಲ, ಊರಾಗ ಎಷ್ಟದಾವ ನೋಡು. ಮಳಿ ಇಲ್ಲ, ಒಳಗ ಇಳಿದಿದ್ದು ಕಡಿಮಿ, ನಾವು ತಗದಿದ್ದು ಹೆಚ್ಚು. ಬಕ್ಕಪ್ಪ ಕಾಕನ ಬೋರ್ ಸೈತ ಹೋದ ತಿಂಗಳ ಒಣಗ್ಯದ."

ಕೌಸಲ್ಯಾಬಾಯಿ ಕೂತು ಕೇಳಿದಳು, "ಮಳಿ ಬಂದ್ರ ಝರಿ ಮತ್ತ ಬರ್ತದೇನು?"

ಜಿಜಾ ಲೋಟ ಹಿಡಿದು ಅಜ್ಜಿಯ ಹತ್ತಿರ ಹೋದಳು. ನೀರು ರಪ್ಪನೆ ಸುರಿದಾಗ ಮೇಲೆ ನಿಂತು ಹೊರಗೆ ಚೆಲ್ಲಿತು. ಸಣ್ಣಗೆ ಹಾಕಿದಾಗ ಒಳಗಿಳಿಯಿತು. "ಓಡಿ ಹೋಗದಂಗ ಹೊಲಕ್ಕ ಬದು ಹಾಕಿ ತಡದ್ರ ಇಳೀತದ ಆಯಿ. ಒಂದೇ ವರ್ಷಕ್ಕ ಬರಂಗಿಲ್ಲ."

ಅಜ್ಜಿ ನನ್ನ ಕಡೆ ಕೈ ಚಾಚಿದಳು. "ಮಕ್ಬೂಲ, ಪಂಢರಿಗಿ ಫೋನ್ ಹಚ್ಚು."

ಹಚ್ಚಿಕೊಟ್ಟೆ. ಆಕೆ ಮಾತಾಡಿದ್ದನ್ನು ಕ್ಲಾಸೆಲ್ಲ ಕೇಳಿತು. "ಪಂಢರಿ, ಜಿಜಾನ್ನ ಕಳಸಂಗಿಲ್ಲ. ಶನಿವಾರದ ಜೀಪ್ ತಿರುಗಿ ಬರುವಾಗ ಊರವರ ಜೋಡಿ ಕೂಸಿನ್ನ ಇಲ್ಲಿಗಿ ಕಳಸು. ಅಂಗನವಾಡಿ ಅದ, ನಾ ಇದ್ದೀನಿ. ಯಾಕ ಅಂದ್ರ? ನಮ್ಮ ಬಾವಿ ಯಾಕ ಬತ್ತಿತು ಅಂತ ಇಷ್ಟು ವರ್ಷ ಊರಾಗ ಯಾರೂ ನನಗ ಹೇಳಿರಲಿಲ್ಲ. ನಿನ್ನ ಮಗಳು ಹೇಳ್ಯಾಳ. ನನಗ ಕೇಳೋದು ಇನ್ನ ಬಾಳ ಅದ."

ನಾಳೆ ಟೀಚರ್ ಆಗುವ ಅಕ್ಕ-ತಮ್ಮಂದಿರೇ, ಪ್ರೊಜೆಕ್ಟರ್ ಇರಲಿ, ಬರೀ ಮೊಬೈಲಿರಲಿ, ಹೆದರಬೇಡಿ, ಅದಕ್ಕೆ ಮರುಳೂ ಆಗಬೇಡಿ. ಪಾಠಕ್ಕೆ ಮೊದಲು ನೀವೊಮ್ಮೆ ಪೂರ್ತಿ ನೋಡಿ, ಬೇಡದ್ದನ್ನು ತೆಗೆದುಹಾಕಿ. ಮಕ್ಕಳಿಗೆ ತಿಳಿಯದ ಮಾತಿದ್ದರೆ ಧ್ವನಿ ನಿಲ್ಲಿಸಿ ನೀವೇ ಹೇಳಿ. ಕರೆಂಟು ಹೋದರೆ ಸೀಮೆಸುಣ್ಣದಿಂದ ಅದೇ ಚಿತ್ರ ಬರೆಯಲು ಕಲಿತಿರಿ. ಕೆಲಸ ಅರಸಿ ಊರು ಬಿಡುವ ಅಪ್ಪ-ಅವ್ವಂದಿರೇ, ಹೊರಡುವ ಮೊದಲು ಒಮ್ಮೆ ಸಾಲಿಗೆ ಹೋಗಿ ಹೆಡ್‌ಮಾಸ್ತರರ ಜೊತೆ ಮಾತಾಡಿ. ಮಗು ಊರಲ್ಲೇ ಉಳಿದು ಓದಲು ಯಾವ ಅನುಕೂಲ ಇದೆ ಅಂತ ಕೇಳಿ. ಜೀಪು ನಾಳೆಯೂ ಸಿಗುತ್ತದೆ. ಏಳನೇ ತರಗತಿ ಮಗುವಿಗೆ ಈ ವರ್ಷ ಮಾತ್ರ ಸಿಗುತ್ತದೆ.