ಶನಿವಾರದ ಮೊದಲ ಹೊಗೆ

ಕಡ್ಡಿ ಗೀರಿ, ಪುರಳೆಗೆ ಉರಿ ಹತ್ತಿದ ಮೇಲೆ ಫರ್ಗಸ್‌ಗೆ ನೆನಪಾಯಿತು: ಇವತ್ತು ಒಲೆ ಹಚ್ಚಬಾರದಿತ್ತು.

ಕೈ ತನ್ನ ಪಾಡಿಗೆ ಹಚ್ಚಿಬಿಟ್ಟಿತ್ತು. ಎದ್ದವನೇ ಹಿತ್ತಿಲಿಗೆ ಹೋಗಿ, ಇಬ್ಬನಿ ಕೂತ ಸೌದೆ ತಂದು, ಹಳೇ ಪೇಪರು ಮುದುರಿ, ಅದರ ಮೇಲೆ ಪುರಳೆ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿದ್ದ. ಅಷ್ಟು ಹೊತ್ತೂ ತಲೆ ಎಲ್ಲಿತ್ತೋ. ಮದುವೆಯಾದಾಗಿನಿಂದ ಚಳಿಗಾಲದ ಪ್ರತಿ ಬೆಳಿಗ್ಗೆ ಮಾಡಿದ ಕೆಲಸ, ಅದಕ್ಕೆ ತಲೆ ಬೇಕಿರಲಿಲ್ಲ.

ಆರಿಸಬಹುದಿತ್ತು. ಇನ್ನೂ ಪುರಳೆ ಅಷ್ಟೇ, ಒಂದು ಚೊಂಬು ನೀರು ಸಾಕಿತ್ತು. ಕಬ್ಬಿಣದ ಒಲೆಯ ಗಾಜಿನ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ಯೋಚಿಸಿದ. ಯೋಚಿಸುವಷ್ಟರಲ್ಲಿ ಉರಿ ಚಟಪಟ ಎಂದು ಮೇಲೆದ್ದಿತು. ಹೇಗೂ ಇದೇ ಕೊನೆಯದು ತಾನೆ ಎಂದುಕೊಂಡು ಒಂದು ದಪ್ಪ ಕೊರಡು ಒಳಗಿಟ್ಟು ಬಾಗಿಲು ಹಾಕಿದ.

ಮಧ್ಯಾಹ್ನ ಕ್ಲೈವ್ ಎನ್ನುವವನು ಬಂದು ಈ ಒಲೆಯನ್ನು ಬುಡಸಮೇತ ಕಿತ್ತು, ಅದರ ಜಾಗದಲ್ಲಿ ಕರೆಂಟಿನ ಬಿಸಿಗಾಳಿ ಯಂತ್ರ ಕೂರಿಸುವುದಿತ್ತು. ಆಮೇಲೆ ಹೆಸ್ಟರ್ ಬರುವುದಿತ್ತು.

ಹೆಸ್ಟರ್ ಅವನ ಹೆಂಡತಿ. ಟಾಸ್ಮೇನಿಯಾದ ಈ ಕಣಿವೆಯ ಊರಲ್ಲಿ ಚಳಿ ಶುರುವಾಗಿ ಮನೆಮನೆಯ ಒಲೆ ಹತ್ತಿತೆಂದರೆ ಅವಳ ಎದೆ ಗೊರಗುಟ್ಟಲು ತೊಡಗುತ್ತಿತ್ತು. ಇಲ್ಲಿ ಚಳಿಗಾಲ ಹತ್ತುವ ಮೇ ತಿಂಗಳಲ್ಲಿ ಸಮುದ್ರದ ಕಡೆ ತಂಗಿಯ ಮನೆಗೆ ಹೋದರೆ ಸೆಪ್ಟೆಂಬರಿಗೇ ವಾಪಸು. ಈ ಸಲ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು.

“ಬೀದಿ ಹೊಗೆನ ಕಿಟಕಿ ಹಾಕ್ಕೊಂಡು ಹೇಗೋ ತಡ್ಕೋತೀನಿ. ಮನೆಯೊಳಗಿಂದು ತಡ್ಯೋಕಾಗಲ್ಲ. ಒಲೆ ತೆಗೆಸು, ಬಂದ್ಬಿಡ್ತೀನಿ. ಇರೋಕೇ ಬರ್ತೀನಿ. ಆಗಲ್ಲ ಅಂದ್ರೆ ಅದನ್ನೂ ಹೇಳ್ಬಿಡು ಫರ್ಗಸ್, ಇಲ್ಲೇ ಒಂದು ಮನೆ ನೋಡ್ಕೋತೀನಿ.”

“ತೆಗೆಸ್ತೀನಿ,” ಎಂದಿದ್ದ. “ಶನಿವಾರ.”

ಒಲೆ ಬೇಕೋ ಹೆಂಡತಿ ಬೇಕೋ ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಸುಲಭವಿತ್ತು. ಹಾಗೆ ಕೇಳುವಷ್ಟು ಒರಟು ಹೆಂಗಸಲ್ಲ ಅವಳು, ಅದೇ ತೊಂದರೆ.

ಇದರಲ್ಲಿ ಇನ್ನೊಂದು ತಮಾಷೆಯಿತ್ತು. ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವುದೇ ಫರ್ಗಸ್‌ನ ಉದ್ಯೋಗ. ಚಳಿಗಾಲ ಬಂತೆಂದರೆ ರೇಡಿಯೋದಲ್ಲಿ ಅವನ ಮೆದು ದನಿ ಕೇಳಿಬರುತ್ತಿತ್ತು: ಸೌದೆಯ ಹೊಗೆಯಲ್ಲಿರುವ ಅತಿ ಸಣ್ಣ ಧೂಳು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಬೀಡುಬಿಡುತ್ತದೆ, ದಯವಿಟ್ಟು ಯೋಚಿಸಿ. ಅವನು ಯೋಚಿಸಿದ್ದ. ಕಚೇರಿಗೆ ಸೈಕಲ್ ತುಳಿಯುತ್ತಿದ್ದ. ವಿಮಾನ ಹತ್ತುವುದನ್ನು ಬಿಟ್ಟು ಕಾಲವಾಗಿತ್ತು. ಅಡುಗೆಮನೆಯ ಕಸವನ್ನು ಎರೆಹುಳುಗಳಿಗೆ ಬಡಿಸುತ್ತಿದ್ದ. ಇಷ್ಟೆಲ್ಲ ಮಾಡುವವನಿಗೆ ಒಂದೇ ಒಂದು ಒಲೆ ಮಾಫಿ ಇರಬೇಕು ಎಂಬುದು ಅವನ ಒಳಗಿನ ವಾದ. ಅದನ್ನು ಮಾತ್ರ ರೇಡಿಯೋದಲ್ಲಿ ಹೇಳುತ್ತಿರಲಿಲ್ಲ.

ಹೊರಗಿನಿಂದ ಯಾರೋ ಬಾಗಿಲನ್ನು ಕಾಲಲ್ಲಿ ಒದ್ದರು.

“ತೆಗ್ಯೋ ಬೇಗ! ಕೈ ಬಿದ್ದುಹೋಗ್ತಿದೆ!”

ಎದುರುಮನೆಯ ಮೆರ್ಲ್. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಎರಡೂ ಕೈಯಲ್ಲಿ ದೊಡ್ಡ ಪಾತ್ರೆ ಹಿಡಿದು ನಿಂತಿದ್ದಳು. ಆಗ ಫರ್ಗಸ್‌ಗೆ ಎರಡನೆಯ ತಪ್ಪು ಹೊಳೆಯಿತು. ಆ ಬೀದಿಗೆ ಒಂದು ಪದ್ಧತಿ: ಚಳಿಗಾಲದ ಶನಿವಾರ ಯಾರ ಮನೆಯ ಕೊಳವೆಯಲ್ಲಿ ಮೊದಲು ಹೊಗೆ ಏಳುತ್ತದೋ ಅವತ್ತಿನ ಸೂಪು ಅವರ ಮನೆಯ ಒಲೆಯ ಮೇಲೆ. ಯಾರೂ ಯಾರನ್ನೂ ಕರೆಯುವುದಿಲ್ಲ. ಹೊಗೆ ನೋಡಿದವರು ಪಾತ್ರೆ ಎತ್ತಿಕೊಂಡು ಬರುತ್ತಾರೆ.

“ಮೆರ್ಲ್, ಇವತ್ತು ಆಗಲ್ಲ. ಒಲೆ ತೆಗೆಯೋಕೆ ಬರ್ತಿದ್ದಾರೆ. ಹೆಸ್ಟರ್ ಬರ್ತಾಳೆ.”

“ಗೊತ್ತಪ್ಪ. ನಿನ್ನ ಹೊಗೆ ನೋಡಿ, ಅಬ್ಬಾ, ಹುಡುಗ ಒಲೆಗೆ ಕೊನೇ ಮರ್ಯಾದೆ ಮಾಡ್ತಿದ್ದಾನೆ ಅಂದ್ಕೊಂಡೆ. ಹಂದಿ ಮೂಳೆ ಹಾಕಿದ ಬಟಾಣಿ ಸೂಪು ಕಣೋ. ವಾಪಸ್ ಹೊತ್ಕೊಂಡು ಹೋಗು ಅಂತೀಯಾ?”

ಅವನು ಅನ್ನಲಿಲ್ಲ. ಮೆರ್ಲ್ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಪಾತ್ರೆಯನ್ನು ಒಲೆಯ ನೆತ್ತಿಯ ಮೇಲೆ ಕೂರಿಸಿ, “ಹಾ… ಹಾಯ್!” ಎಂದು ಬೆನ್ನು ಕಾಸಿಕೊಳ್ಳತೊಡಗಿದಳು.

ಮೆರ್ಲ್ ಹಿಂದೆಯೇ ಡೂಗಲ್. ಬೀದಿಗೆಲ್ಲ ಸೌದೆ ಒಡೆದುಕೊಡುವ ಭಾರಿ ಆಸಾಮಿ, ನಾಲ್ಕು ಮನೆಯಾಚೆ ಇರುವವನು. ಅಷ್ಟು ದೂರಕ್ಕೂ ಲಾರಿಯಂಥ ಪಿಕಪ್ಪಿನಲ್ಲಿ ಗುಡುಗಿಕೊಂಡು ಬಂದ. ಆಮೇಲೆ ಪ್ರೂ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಭೂಮಿ ಉಳಿಸಿ ಎನ್ನುವ ಮೆರವಣಿಗೆಯಲ್ಲಿ ಮಕ್ಕಳ ಮುಂದೆ ಫಲಕ ಹಿಡಿದು ನಡೆಯುವವಳೂ ಅವಳೇ. ಕಂಕುಳಲ್ಲಿ ಬ್ರೆಡ್ಡು, ಕೈಯಲ್ಲಿ ವೈನು.

“ಏನಯ್ಯಾ ರೇಡಿಯೋ!” ಎಂದ ಡೂಗಲ್. “ಹೊಗೆ ಬಿಡಬೇಡಿ ಅಂತ ಊರಿಗೆಲ್ಲ ಹೇಳಿ, ಇವತ್ತು ನೀನೇ ಫಸ್ಟಾ?”

“ಮರ್ತುಹೋಯ್ತು.”

“ಮರ್ತು ಸೌದೆ ತಂದೆ, ಮರ್ತು ಕಡ್ಡಿ ಗೀರ್ದೆ. ಸರಿ ಬಿಡು. ನಾನೂ ಹಿಂಗೇ ಮರ್ತು ಮೂರು ಮಕ್ಕಳಾಯ್ತು.”

ಎಲ್ಲರೂ ನಕ್ಕರು. ಫರ್ಗಸ್ ಕೂಡ ನಕ್ಕ. ನಗುತ್ತಿದ್ದ ತನ್ನನ್ನು ಅವನು ಕೋಣೆಯ ಮೂಲೆಯಿಂದ ನೋಡಿದಂತಿತ್ತು. ಕಚೇರಿಯ ಸಭೆಗಳಲ್ಲಿ ಈ ಮನುಷ್ಯ ಹೀಗೆ ಹಲ್ಲು ಬಿಡುವುದನ್ನು ಯಾರೂ ಕಂಡಿರಲಿಕ್ಕಿಲ್ಲ. ಹೋದ ವಾರ ರೇಡಿಯೋದಲ್ಲಿ ಅವನು ಹೇಳಿದ್ದೆಲ್ಲ ನಿಜವಾಗಿತ್ತು, ಈಗಲೂ ನಿಜವೇ. ಆದರೆ ಈ ಕೋಣೆಯಲ್ಲಿ ಅದಕ್ಕೊಂದು ಕುರ್ಚಿ ಸಿಗಲಿಲ್ಲ.

ಸೂಪು ಕುದಿಯಿತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಒಲೆಯ ಸುತ್ತ ಕೂತರು.

“ಒಬ್ಬೊಬ್ಬರಿಗೂ ಒಂದೊಂದು ಇರತ್ತಪ್ಪ,” ಎಂದಳು ಪ್ರೂ. “ನಾನು ಜುಲೈಯಲ್ಲಿ ವಿಮಾನ ಹತ್ತಿ ಬಾಲಿಗೆ ಹೋಗ್ಲಿಲ್ಲ ಅಂತಿಟ್ಕೊಳ್ಳಿ, ಆಗಸ್ಟಲ್ಲಿ ಕ್ಲಾಸಿನ ಮಕ್ಕಳನ್ನ ಕತ್ತು ಹಿಸುಕಿಬಿಡ್ತೀನಿ. ಭೂಮಿಗೆ ಯಾವುದು ವಾಸಿ, ನೀವೇ ಹೇಳಿ.”

“ಬಾಲಿ, ಬಾಲಿ,” ಎಂದು ಡೂಗಲ್ ತೀರ್ಪು ಕೊಟ್ಟ.

“ನಿಂದೇನಯ್ಯಾ? ಹಾಲು ತರೋಕೆ ಆ ಆನೆ ಮೇಲೆ ಹೋಗ್ತೀಯಲ್ಲ. ಮೂಲೆ ಅಂಗಡಿಗೆ!”

“ನಡ್ಕೊಂಡು ಹೋದ್ರೆ ಜನ ಏನಾಯ್ತು, ಹುಷಾರಿಲ್ವಾ ಅಂತಾರೆ ಮಾರಾಯ್ತಿ. ಒಂದ್ಸಲ ಹೋಗಿದ್ದೆ. ಎರಡು ಕಡೆ ನಿಲ್ಲಿಸಿ ಕೇಳಿದ್ರು.”

ಮೆರ್ಲ್ ಸರದಿ ಬಂತು. ಹೊರಗೆ ಎಂಥ ಬಿಸಿಲಿರಲಿ, ಅವಳ ಮನೆಯಲ್ಲಿ ಬಟ್ಟೆ ಒಣಗಿಸುವ ಮೆಷಿನ್ನು ತಿರುಗುತ್ತಿರುವುದು ಬೀದಿಗೆಲ್ಲ ಗೊತ್ತು.

“ಬಿಸಿಲಲ್ಲಿ ಒಣಗಿಸಿದ ಟವಲು ಒರಟು ಕಣ್ರೋ,” ಎಂದಳು. “ಈ ವಯಸ್ಸಲ್ಲಿ ನನ್ನ ಮೈ ಮುಟ್ಟೋದು ಅದೊಂದೇ. ಮೆತ್ತಗಿರ್ಲಿ.”

ಹೋ ಎಂದು ನಗು ಎದ್ದಿತು, ಎಲ್ಲರಿಗಿಂತ ಜೋರಾಗಿ ಮೆರ್ಲ್‌ಳದೇ. ಫರ್ಗಸ್‌ಗೆ ಕಣ್ಣಲ್ಲಿ ನೀರು ಬಂತು. ತಾನು ಸಂತೋಷವಾಗಿದ್ದೇನೆ ಎಂದು ಅವನಿಗೆ ತಿಳಿಯಿತು, ಹೆಸ್ಟರ್ ಹೋದಾಗಿನಿಂದ ಇಷ್ಟು ಸಂತೋಷವಾಗಿದ್ದುದಿಲ್ಲ. ನಾಚಿಕೆಯೆನಿಸಿ ಬಟ್ಟಲು ಮುಖಕ್ಕೆ ಹಿಡಿದು ಕುಡಿದ.

ಕ್ಲೈವ್ ಬಂದದ್ದು ಆಗಲೇ. ಹೊಸ ಯಂತ್ರದ ಡಬ್ಬ ಹೊತ್ತು ಒಳಗೆ ಬಂದವನು ಒಲೆಯನ್ನು ನೋಡಿ ಅಲ್ಲೇ ನಿಂತ. ಹತ್ತಿರ ಹೋಗಿ ಕೈ ಚಾಚಿದ, ಚಕ್ಕನೆ ಹಿಂದೆಳೆದುಕೊಂಡ.

“ಅಲ್ಲಾ ಸ್ವಾಮಿ, ಕೆಂಪಗೆ ಕಾದಿದೆಯಲ್ಲ! ಇವತ್ತು ಕೀಳ್ಬೇಕು ಅಂತ ಗೊತ್ತಿತ್ತು ತಾನೆ?”

“ಗೊತ್ತಿತ್ತು.”

“ಗೊತ್ತಿದ್ದೂ ಹಚ್ಚಿದ್ರಾ?”

“ಕೈ ಹಚ್ಚಿಬಿಡ್ತು.”

ಕ್ಲೈವ್‌ಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಎಲ್ಲರೂ ಹಿಂಗೇ. ಕೀಳೋ ದಿನ ಹೋದ್ರೆ ಯಾವ ಮನೇಲೂ ತಣ್ಣಗಿರೋ ಒಲೆ ಸಿಗಲ್ಲ. ಕೊನೇದು ಅಂತ ಹಚ್ಕೊಂಡು ಕೂತಿರ್ತಾರೆ. ನಾಳೆವರೆಗೂ ಇದನ್ನ ಮುಟ್ಟೋ ಹಾಗಿಲ್ಲ. ನಾಳೆಯಿಂದ ನಾನು ಬೇರೆ ಕಡೆ. ಇನ್ನು ಆಗಸ್ಟಿಗೇ.”

ಆಗಸ್ಟ್. ಫರ್ಗಸ್‌ನ ಒಳಗೆ ಬಿಗಿದಿದ್ದದ್ದು ಏನೋ ಸಡಿಲವಾಯಿತು. ಅದು ಏನೆಂದು ಅವನಿಗೆ ಗೊತ್ತಿತ್ತು. ಹೆಸರಿಡಲು ಹೋಗದೆ ಇನ್ನೊಂದು ಬಟ್ಟಲಿಗೆ ಸೂಪು ಬಡಿಸಿ ಕ್ಲೈವ್‌ಗೆ ಕೊಟ್ಟ.

“ಕೂತ್ಕೋಪ್ಪ,” ಎಂದಳು ಮೆರ್ಲ್. “ಊರಿಗೆಲ್ಲ ಮೆಷಿನ್ ಹಾಕ್ತೀಯ. ನಿಮ್ಮನೇಲಿ ಯಾವ ಕಂಪನೀದು?”

ಕ್ಲೈವ್ ಬಟ್ಟಲೊಳಗೆ ನೋಡಿದ. “ನಮ್ಮನೇಲಾ?”

“ಹೂಂ.”

“ನಮ್ಮನೇಲಿ… ಸೌದೆ ಒಲೆ.”

ಡೂಗಲ್ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ಪ್ರೂ ಹೊಟ್ಟೆ ಹಿಡಿದುಕೊಂಡು “ಅಯ್ಯೋ, ಸಾಕು, ಸಾಕು” ಎಂದಳು. ಕ್ಲೈವ್‌ನ ಕಿವಿ ಕೆಂಪಾದವು, ಅವನೂ ನಕ್ಕ.

ಆ ನಗುವಿನ ನಡುವೆ ಹೊರಗೆ ಕಾರಿನ ಹಾರ್ನು ಎರಡು ಸಲ ಕೇಳಿತು.

ಮೆರ್ಲ್ ಚಮಚ ಕೆಳಗಿಟ್ಟು, “ಹೋಗು ಮಗಾ,” ಎಂದಳು.

ಗಾಳಿ ಸತ್ತ ದಿನ. ಕಣಿವೆಯಲ್ಲಿ ಅಂಥ ದಿನ ಹೊಗೆ ಮೇಲೇರುವುದಿಲ್ಲ. ಅವನ ಕೊಳವೆಯಿಂದ ಬಂದದ್ದು ಅವನ ಅಂಗಳಕ್ಕೇ ಇಳಿದು ಮೊಣಕಾಲ ಮಟ್ಟದಲ್ಲಿ ಮಲಗಿತ್ತು. ಗೇಟಿನ ಹೊರಗೆ ಹೆಸ್ಟರಳ ಪುಟ್ಟ ಕಾರು ಇಂಜಿನ್ನು ಆರಿಸದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವಳ ಪೆಟ್ಟಿಗೆಗಳು ಚಾವಣಿಯವರೆಗೆ ತುಂಬಿದ್ದವು. ಕಿಟಕಿ ಒಂದು ಬೆರಳಷ್ಟು ಇಳಿಯಿತು.

“ಬಂದ್ಯಾ,” ಎಂದ.

“ಬಂದೆ.” ಅವಳು ಕೊಳವೆಯ ಕಡೆ ನೋಡಿದಳು. “ಶನಿವಾರ ಅಂದಿದ್ದೆ ನೀನು.”

“ಶನಿವಾರವೇ. ಕ್ಲೈವ್ ಒಳಗಿದ್ದಾನೆ.”

“ಕೀಳ್ತಿದ್ದಾನಾ?”

“ಸೂಪು ಕುಡೀತಿದ್ದಾನೆ.”

ಹೆಸ್ಟರ್ ನಕ್ಕುಬಿಟ್ಟಳು. ಈ ನಗುವಿಗೇ ಅವನು ಅವಳನ್ನು ಮದುವೆಯಾದದ್ದು. ನಗು ಕೆಮ್ಮಾಯಿತು. ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ ಕಿಟಕಿ ಏರಿಸಿ, ಕೆಮ್ಮಿ ಮುಗಿಸಿ, ಮತ್ತೆ ಇಳಿಸಿದಳು.

“ಸೂಪು ಯಾರ್ದು?”

“ಮೆರ್ಲ್‌ದು.”

“ಹಂಗಾದ್ರೆ ಉಪ್ಪು ಜಾಸ್ತಿ.” ಕಣ್ಣು ಒರೆಸಿಕೊಂಡಳು. “ಒಲೆ ಯಾರು ಹಚ್ಚಿದ್ದು ಫರ್ಗಸ್?”

“ಈಗ ಆರಿಸ್ತೀನಿ. ಎಲ್ಲರನ್ನೂ ಕಳಿಸಿ ಕಿಟಕಿ ಬಾಗಿಲು ತೆಗೀತೀನಿ. ಆಗಸ್ಟಿಗೆ ಅವನು ಬಂದು ಕೀಳ್ತಾನೆ, ಅಲ್ಲೀವರೆಗೂ ನಾನು ಮುಟ್ಟೋದೇ ಇಲ್ಲ. ತಣ್ಣಗಿರತ್ತೆ.”

“ಮುಟ್ಟಲ್ವಾ?”

“ಇಲ್ಲ.”

ಅವಳು ಅವನ ಮುಖವನ್ನು ಪ್ರೀತಿಯಿಂದ ನೋಡಿದಳು. ಆ ಪ್ರೀತಿಯೇ ಅವನನ್ನು ಹೆದರಿಸಿತು. “ಕಾಯ್ತೀನಿ,” ಎಂದಳು. “ತುಂಬಾ ಹೊತ್ತಲ್ಲ. ಕತ್ತಲಾದ್ರೆ ಆ ಘಾಟಿ ರಸ್ತೇಲಿ ವಾಪಸ್ ಓಡಿಸ್ಕೊಂಡು ಹೋಗೋಕೆ ಭಯ.” ಕಿಟಕಿ ಏರಿತು.

ಅವನು ಅವಸರದಿಂದ ಒಳಗೆ ಬಂದ. ಬಾಯಿ ತೆರೆದರೆ ಮುಗಿಯಿತು: ಏಳಿ, ಹೊರಡಿ, ಹೆಸ್ಟರ್ ಬಂದಿದ್ದಾಳೆ. ಒಳಗೆ ಡೂಗಲ್ ಹಾಡು ಎತ್ತಿದ್ದ. ಸೌದೆ ಕಡಿಯುವವರ ಹಳೇ ಪೋಲಿ ಹಾಡು. ಕ್ಲೈವ್ ಡಬ್ಬದ ಮೇಲೆ ತಾಳ ಹಾಕುತ್ತಿದ್ದ. ಬೆಂಕಿಯ ಬೆಳಕಿನಲ್ಲಿ ಎಲ್ಲರ ಮುಖವೂ ಚಿಕ್ಕವರದಾಗಿತ್ತು.

“ಹೆಸ್ಟರ್ ಎಲ್ಲಿ? ಕರ್ಕೊಂಬಾ!” ಎಂದಳು ಪ್ರೂ.

“ಬರ್ತಾಳೆ,” ಎಂದ.

“ಉರಿ ಇಳೀತಿದೆ ನೋಡು ಮಗಾ,” ಎಂದಳು ಮೆರ್ಲ್.

ಫರ್ಗಸ್ ಒಲೆಯ ಬಾಗಿಲು ತೆರೆದ. ಬುಟ್ಟಿಯಲ್ಲಿ ಚಿಕ್ಕ ಸೌದೆಗಳೂ ಇದ್ದವು. ಅವನು ಎರಡು ವರ್ಷ ಒಣಗಿಸಿದ ನೀಲಗಿರಿಯ ಒಳ್ಳೆಯ ಕೊರಡನ್ನೇ ಆರಿಸಿ, ತೂಗಿ ನೋಡಿ, ಕೆಂಡದ ಮೇಲಿಟ್ಟ. ಈ ಸಲ ತಲೆಯೂ ಅಲ್ಲೇ ಇತ್ತು. ಉರಿ ಕೊರಡನ್ನು ಅಪ್ಪಿಕೊಂಡಾಗ ಎಲ್ಲರೂ “ಆಹಾ” ಎಂದರು, ಅವನೂ ಎಂದ.

ಬಟ್ಟಲು ತುಂಬ ಸೂಪು ತುಂಬಿಕೊಂಡು ಹೊರಗೆ ಹೋದ.

ಹೆಸ್ಟರ್ ಗಾಜಿನ ಹಿಂದಿನಿಂದ ಬಟ್ಟಲು ನೋಡಿ ಕೈ ತಟ್ಟಿದಳು. ಕಿಟಕಿ ಇಳಿಸಲು ಗುಂಡಿಗೆ ಬೆರಳಿಟ್ಟಳು, ಅಂಗಳದ ಹೊಗೆಯನ್ನು ನೋಡಿದಳು, ಬೆರಳು ತೆಗೆದಳು. ತಲೆಯಲ್ಲಾಡಿಸಿ ನಕ್ಕಳು. ಅವನು ಬಟ್ಟಲನ್ನು ಗಾಜಿಗೆ ತಾಗಿಸಿ ಹಿಡಿದ. ಅವಳು ಎರಡೂ ಕೈಯಲ್ಲಿ ಇಲ್ಲದ ಬಟ್ಟಲೊಂದನ್ನು ಎತ್ತಿ, ಗಟಗಟ ಕುಡಿದಂತೆ ಮಾಡಿ, ತುಟಿ ಒರೆಸಿ, ಅಬ್ಬಾ ಉಪ್ಪು ಎಂದು ಮೂತಿ ಸೊಟ್ಟ ಮಾಡಿದಳು. ಅವನು ಎಷ್ಟು ನಕ್ಕನೆಂದರೆ ಸೂಪು ತುಳುಕಿ ಕೈ ಸುಟ್ಟಿತು.

ಮನೆಯೊಳಗಿಂದ ಹಾಡು ಜೋರಾಯಿತು. ಹೆಸ್ಟರಳ ತುಟಿಯೂ ಅಲ್ಲಾಡತೊಡಗಿತು. ಆ ಹಾಡು ಅವಳಿಗೆ ಗೊತ್ತು, ಪೋಲಿ ಸಾಲುಗಳು ಇನ್ನೂ ಚೆನ್ನಾಗಿ ಗೊತ್ತು. ಅವಳು ಕತ್ತೆತ್ತಿ, ಬಾಯಿ ತುಂಬ ಹಾಡುತ್ತಿದ್ದಳು. ಅವನಿಗೆ ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಅವಳ ಉಸಿರು ಗಾಜಿನ ಮೇಲೆ ಕೂತು ಮೊದಲು ಗದ್ದ ಮುಚ್ಚಿತು, ಆಮೇಲೆ ತುಟಿ, ಆಮೇಲೆ ನಗುತ್ತಿದ್ದ ಕಣ್ಣು. ಕೊನೆಗೆ ಬೆಳ್ಳಗಿನ ಗಾಜೊಂದೇ ಉಳಿಯಿತು.

ಫರ್ಗಸ್ ಬಟ್ಟಲನ್ನು ಕಾರಿನ ನೆತ್ತಿಯ ಮೇಲಿಟ್ಟು ಸ್ವೆಟರಿನ ತೋಳಿನಿಂದ ಗಾಜು ಒರೆಸಿದ. ಮಬ್ಬು ಹೋಗಲಿಲ್ಲ. ಇನ್ನೂ ಒತ್ತಿ ಒರೆಸಿದ. ಆವಿ ಒಳಗಿನದು, ಅವನು ಹೊರಗಿದ್ದ.