ಬೈಲುಗುಡ್ಡೆ ಹಾಲ್ಟಿನ ಟಿಕೆಟು

"ಒಂದು ಸೆಂಟ್ರಲ್," ಎಂದು ಬರ್ನಡೆಟ್ ಕಿಂಡಿಯೊಳಗೆ ಕೈಚಾಚಿದಾಗ ಟಿಕೆಟ್ ಮಾರುವ ಮಾಯಿಲಪ್ಪ ತಬ್ಬಿಬ್ಬಾದ. ಬೈಲುಗುಡ್ಡೆಯ ಈ ಪುಟ್ಟ ರೈಲು ಹಾಲ್ಟಿನಿಂದ ಅತ್ತಾವರದ ಆಸ್ಪತ್ರೆಗೆ ದಿನಾ ಹೋಗಿಬರುವ ನರ್ಸು ಅವಳು. ಟಿಕೆಟ್ ಕೇಳದೆ ವರ್ಷಗಳೇ ಆಗಿದ್ದವು.

"ನಿಮ್ಮತ್ರ ಪಾಸ್ ಉಂಟಲ್ಲ ಸಿಸ್ಟರ್?"

"ಉಂಟು. ಟಿಕೆಟ್ ಕೊಡಿ."

ನಾಳೆಯಿಂದ ಇಲ್ಲಿ ಗಾಡಿ ನಿಲ್ಲುವುದಿಲ್ಲ. ಟಿಕೆಟೇ ಮಾರಾಟವಾಗದ ಕಡೆ ಯಾಕೆ ನಿಲ್ಲಿಸಬೇಕು ಎಂದು ಮೇಲಿನವರು ಕೇಳಿದ್ದರು. ಬೆಳಗಿನ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ, ಜನ ಇಲ್ಲವೆಂದರೆ ಹೇಗೆ ಎಂದು ಊರವರು ಸಿಟ್ಟಾಗಿ ಮನವಿ ಕೊಟ್ಟು ಬಂದರು. ಹೇಗೆಂದು ಮಾಯಿಲಪ್ಪನಿಗೆ ಗೊತ್ತಿತ್ತು. ಹಾಲ್ಟಿನ ಲೆಕ್ಕಕ್ಕೆ ಸೇರುವುದು ಈ ಕಿಂಡಿಯಲ್ಲಿ ಮಾರಿದ ಟಿಕೆಟ್ ಮಾತ್ರ. ಪೇಟೆಯ ಸೆಂಟ್ರಲ್ ಸ್ಟೇಷನ್ನಿನಲ್ಲಿ ಮಾಡಿಸಿದ ಪಾಸು ಅಲ್ಲಿನ ಲೆಕ್ಕಕ್ಕೆ.

ಪಾಸ್ ಮಾಡಿಸಿ ಎಂದು ಒಬ್ಬೊಬ್ಬರಿಗೂ ಹೇಳಿಕೊಟ್ಟವನು ಅವನೇ. ತನ್ನ ಕಮಿಷನ್ ಹೋದರೆ ಹೋಗಲಿ, ಪಾಪ, ಇವರಿಗೆ ದಿನಾ ಕ್ಯೂ ತಪ್ಪಲಿ ಎಂದುಕೊಂಡಿದ್ದ. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗಾಗಿತ್ತು. ಒಳಗೊಳಗೇ ಕೊರಗಿ, ನಿನ್ನೆ ಸಂಜೆ ತಡೆಯಲಾರದೆ ಬರ್ನಡೆಟ್‌ಳ ಹತ್ತಿರ ಹೇಳಿಬಿಟ್ಟಿದ್ದ. ಅವಳು ಕೇಳಿಕೊಂಡು ಮನೆಗೆ ಹೋಗಿದ್ದಳು.

"ಈಗ ತೆಗೊಂಡು ಎಂತ ಪ್ರಯೋಜನ?" ಎಂದ.

"ಪ್ರಯೋಜನ ಇಲ್ಲ ಅಂತ ಗೊತ್ತುಂಟು ಮಾರಾಯ್ರೆ. ಕೊಡಿ."

ಅವಳ ಹಿಂದೆ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುವ ಇಜಾಝ್ ನಿಂತಿದ್ದ. "ನನಗೂ ಒಂದು, ಮಾಯಿಲಪ್ಪಣ್ಣ." ಅವನ ಹಿಂದೆ ಸಾಲು ಕಲ್ಲುಬೆಂಚು ದಾಟಿ ಹೋಗಿತ್ತು. ಎಲ್ಲರೂ ಪಾಸಿನವರೇ.

ಮಾಯಿಲಪ್ಪ ಒಂದೊಂದಾಗಿ ತಾರೀಕಿನ ಸೀಲು ಒತ್ತಿ ಕೊಟ್ಟ. ಕಣ್ಣು ಮಂಜಾಗಿ ಒಂದೆರಡು ಸೀಲು ಸೊಟ್ಟಗಾದವು. ಮುದುಕಿ ಹವ್ವಮ್ಮನ ಸರದಿ ಬಂದಾಗ ಪೆಟ್ಟಿಗೆಗೆ ಕೈ ಹಾಕಿದರೆ ಬರಿದಾಗಿತ್ತು. ಕೊಳ್ಳುವವರಿಲ್ಲವೆಂದು ದೊಡ್ಡ ಸ್ಟೇಷನ್ನಿನಿಂದ ಹೊಸ ಕಟ್ಟು ತರುವುದನ್ನೇ ಅವನು ಬಿಟ್ಟಿದ್ದ.

"ಟಿಕೆಟ್ ಮುಗೀತು ಹವ್ವಮ್ಮ."

ದೂರದಲ್ಲಿ ಗಾಡಿ ಕೂಗಿತು. ಸಾಲಿನಿಂದ ಯಾರೂ ಕದಲಲಿಲ್ಲ.

"ಇಲ್ಲದಿದ್ರೆ ಬೇಡ," ಎಂದಳು ಹವ್ವಮ್ಮ. "ನಾವು ನಿಂತದ್ದು ನೀನು ನೋಡಿದೆಯಲ್ಲ."

ಗಾಡಿ ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅದು ನೇತ್ರಾವತಿ ಸೇತುವೆಯ ಮೇಲೆ ಸಾಗುವ ಸದ್ದು ಕೇಳಿಸಿತು. ಹವ್ವಮ್ಮನ ಟಿಕೆಟಿಗೆಂದು ಶಾಯಿ ಹಚ್ಚಿದ್ದ ಸೀಲು ಮಾಯಿಲಪ್ಪನ ಕೈಯಲ್ಲಿ ಹಾಗೆಯೇ ಇತ್ತು.